ಬಾಳಿಕೆ ಬರುವ ವಾಷಿಂಗ್ ಮಷಿನ್ ಬೇಕೇ? ಮೊದಲು ನಿಮ್ಮ ಮನೆಯ ನೀರು ನೋಡಿ

ಓದುಗರ ಪ್ರಶ್ನೆ: ಯಲಹಂಕದ ಹತ್ತಿರ ನಮ್ಮದು ಸ್ವಂತ ಮನೆ. ನಾಲ್ಕು ಜನ ಇದ್ದೇವೆ, ಬೋರ್‌ವೆಲ್ ನೀರು. ಆರು ವರ್ಷದ ಹಿಂದೆ ಕೊಂಡ ಫ್ರಂಟ್ ಲೋಡ್ ಮಷಿನ್ ಈಗ ಸ್ಪಿನ್ ಆಗುವಾಗ ಸಿಕ್ಕಾಪಟ್ಟೆ ಸದ್ದು ಮಾಡುತ್ತದೆ. ನೋಡಲು ಬಂದ ಮೆಕ್ಯಾನಿಕ್ "ಇಡೀ ಟಬ್ ಬದಲಾಯಿಸಬೇಕು, ಅದಕ್ಕಿಂತ ಹೊಸದೇ ತಗೊಳ್ಳಿ" ಅಂದರು. ಮೋಟರಿಗೆ 10 ವರ್ಷ ವಾರಂಟಿ ಇದೆ, ಆದರೆ ಅದು ಇದಕ್ಕೆ ಸೇರುವುದಿಲ್ಲವಂತೆ. ಈ ಸಲ ಹನ್ನೆರಡು ವರ್ಷವಾದರೂ ಬಾಳುವ ಮಷಿನ್ ಬೇಕು. ಯಾವ ಕಂಪನಿಯದು ತಗೊಳ್ಳಲಿ? ಉಡುಪಿಯಲ್ಲಿರುವ ಅಪ್ಪ ಅಮ್ಮನಿಗೆ ಮಳೆಗಾಲಕ್ಕೆ ಒಂದು ಡ್ರೈಯರ್ ಕೂಡ ಕೊಡಿಸಬೇಕು. ಒಗೆಯುವುದು, ಒಣಗಿಸುವುದು ಎರಡೂ ಒಂದರಲ್ಲೇ ಇರುವ ಮಷಿನ್ ಆದೀತೇ?

ಉತ್ತರ: ಕಂಪನಿಯ ಮಾತು ಆಮೇಲೆ. ಮೊದಲು ನಿಮ್ಮ ಹಳೆಯ ಮಷಿನ್ ಯಾಕೆ ಹೋಯಿತು ಎಂದು ನೋಡೋಣ. ಅದು ಗೊತ್ತಾಗದೆ ಹೊಸದು ತಂದರೆ, ಅದೂ ಅದೇ ಕಾರಣಕ್ಕೆ ಅಷ್ಟೇ ಬೇಗ ಹೋಗುತ್ತದೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಪ್ಲಗ್ ತೆಗೆಯಿರಿ, ಬಾಗಿಲು ತೆರೆಯಿರಿ. ಖಾಲಿ ಡ್ರಮ್ಮಿನ ಒಳಗಿನ ಮೇಲಂಚನ್ನು ಕೈಯಿಂದ ಹಿಡಿದು ಮೇಲೆ ಕೆಳಗೆ ಆಡಿಸಿ. ಡ್ರಮ್ ಮತ್ತು ಹೊರಗಿನ ಟಬ್ ಎರಡೂ ಒಟ್ಟಿಗೆ ತೂಗಾಡಿದರೆ ತೊಂದರೆಯಿಲ್ಲ, ಅವು ಸ್ಪ್ರಿಂಗ್ ಮೇಲೆ ನೇತಾಡುತ್ತಿರುತ್ತವೆ. ಟಬ್ ಹಾಗೇ ಇದ್ದು ಡ್ರಮ್ ಮಾತ್ರ ಕಟಕಟ ಎಂದು ಅಲುಗಿದರೆ ಬೇರಿಂಗ್ ಹೋಗಿದೆ. ಈಗ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಗರಗರ ಸದ್ದು ಬಂದರೆ ಅದೂ ಬೇರಿಂಗೇ. ತಿರುಗುವಾಗ ಡ್ರಮ್ ಸೊಟ್ಟಗೆ ಓಲಾಡುತ್ತಿದ್ದರೆ ಅದರ ಹಿಂದಿನ ಮೂರು ಕಾಲಿನ ಆಧಾರ ಮುರಿದಿರುವ ಸಾಧ್ಯತೆ ಜಾಸ್ತಿ. ಮೆಕ್ಯಾನಿಕ್‌ಗಳು ಇದನ್ನು ಟ್ರೈಪಾಡ್ ಅಥವಾ ಸ್ಪೈಡರ್ ಅನ್ನುತ್ತಾರೆ. ಇದ್ಯಾವುದೂ ಇಲ್ಲ, ಆದರೂ ಸದ್ದು ಬರುತ್ತಿದೆ ಅಂದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಡ್ರಮ್ ಮತ್ತು ಟಬ್ ನಡುವೆ ನಾಣ್ಯವೋ ಹುಕ್ಕೋ ಸಿಕ್ಕಿಕೊಂಡಿರಬಹುದು. ಇವೆರಡೂ ಸಣ್ಣ ಕೆಲಸ. ಇಷ್ಟು ನೋಡದೆ ಹೊಸದು ಕೊಳ್ಳಲು ಹೊರಡಬೇಡಿ.

ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಅನುಮಾನ ಇರುವುದು ಬೇರಿಂಗ್ ಮತ್ತು ಟ್ರೈಪಾಡ್ ಮೇಲೆಯೇ. ಡ್ರಮ್ ಸ್ಟೇನ್‌ಲೆಸ್ ಸ್ಟೀಲಿನದು. ಅದಕ್ಕೆ ಜೋಡಿಸಿದ ಟ್ರೈಪಾಡ್ ಸಾಮಾನ್ಯವಾಗಿ ಎರಕದ ಅಲ್ಯೂಮಿನಿಯಂ. ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು ಉಪ್ಪು, ಸೋಪು ಇರುವ ನೀರಿನಲ್ಲಿ ನೆನೆಯುತ್ತಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಡಿಟರ್ಜೆಂಟಿನ ಕ್ಷಾರವೂ ಅದನ್ನು ತಿನ್ನುತ್ತದೆ. ಪುಡಿ ಜಾಸ್ತಿ ಹಾಕಿದಷ್ಟೂ ಡ್ರಮ್ಮಿನ ಬೆನ್ನಿಗೆ ಬೂದು ಬಣ್ಣದ ಗಸಿ ದಪ್ಪವಾಗಿ ಅಂಟುತ್ತದೆ. ಆ ಗಸಿ ಯಾವಾಗಲೂ ಹಸಿಯಾಗಿಯೇ ಇರುತ್ತದೆ, ಅದರಡಿಯಲ್ಲಿ ಲೋಹ ಕರಗುತ್ತಾ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬೇರಿಂಗ್ ಕಥೆ ಇನ್ನೂ ಸರಳ. ಅದರ ಮುಂದೆ ಒಂದು ರಬ್ಬರ್ ಸೀಲ್ ಇದೆ. ಸೀಲ್ ಸವೆದರೆ ನೀರು ಒಳಗೆ ಹೋಗುತ್ತದೆ, ಗ್ರೀಸ್ ತೊಳೆದುಹೋಗುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಮೊದಲು ಹೋಗುವುದು ಸೀಲ್, ಸದ್ದು ಬರುವುದು ಆಮೇಲೆ.

ಸೀಲ್ ಮತ್ತು ಬೇರಿಂಗ್ ದುಬಾರಿ ಸಾಮಾನಲ್ಲ. ಹಾಗಾದರೆ ಇಡೀ ಟಬ್ ಯಾಕೆ ಬದಲಾಯಿಸಬೇಕು? ಯಾಕೆಂದರೆ ಈಗಿನ ಬಹಳಷ್ಟು ಮಷಿನ್‌ಗಳಲ್ಲಿ ಪ್ಲಾಸ್ಟಿಕ್ ಟಬ್ಬಿನ ಎರಡು ಅರ್ಧಗಳನ್ನು ಫ್ಯಾಕ್ಟರಿಯಲ್ಲೇ ಬಿಸಿ ಮಾಡಿ ಅಂಟಿಸಿಬಿಡುತ್ತಾರೆ. ಅದನ್ನು ಬಿಚ್ಚಿ ಮತ್ತೆ ಸೇರಿಸುವ ದಾರಿ ಇಲ್ಲ. ಗರಗಸದಿಂದ ಕೊಯ್ದು, ಬೋಲ್ಟ್ ಹಾಕಿ, ಸೀಲಂಟ್ ಬಳಿದು ಕೂರಿಸುವ ಕೈಗಾರರು ಇದ್ದಾರೆ, ಆದರೆ ಅದಕ್ಕೆ ಕಂಪನಿಯ ಜವಾಬ್ದಾರಿ ಇರುವುದಿಲ್ಲ. ಟಬ್ಬಿನ ಅರ್ಧಗಳನ್ನು ಸುತ್ತಲೂ ಸ್ಕ್ರೂ ಹಾಕಿ ಜೋಡಿಸಿದ ಮಷಿನ್ ಆದರೆ ಅದೇ ಕೆಲಸ ಅರ್ಧ ದಿನದ್ದು. ಮಷಿನ್ ಇನ್ನೂ ಹಲವು ವರ್ಷ ನಡೆಯುತ್ತದೆ. ಬಾಳಿಕೆ ಎಂದರೆ ನನ್ನ ಮಟ್ಟಿಗೆ ಇದೇ. ಕೆಡದ ಮಷಿನ್ ಯಾವುದೂ ಇಲ್ಲ. ಕೆಟ್ಟಾಗ ನಿಮ್ಮ ಊರಿನಲ್ಲೇ, ಸಿಗುವ ಸಾಮಾನಿನಲ್ಲಿ, ತಾಳಬಲ್ಲ ಖರ್ಚಿನಲ್ಲಿ ಸರಿಯಾಗುವ ಮಷಿನ್ ಬೇಕು.

ಯುರೋಪಿನಲ್ಲಿ ಇದಕ್ಕೆ ಕಾನೂನೇ ಇದೆ. 2021ರ ಮಾರ್ಚ್‌ನಿಂದ ಅಲ್ಲಿ ವಾಷಿಂಗ್ ಮಷಿನ್ ಮಾರುವ ಕಂಪನಿಗಳು ಮುಖ್ಯ ಬಿಡಿಭಾಗಗಳನ್ನು ಕನಿಷ್ಠ 10 ವರ್ಷ ಒದಗಿಸಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಿದೆ, ಒಳ್ಳೆಯ ಹೆಜ್ಜೆಯೇ. ಆದರೆ ನಿಮ್ಮ ಮಾಡೆಲ್‌ನ ಟಬ್ ಎಂಟನೇ ವರ್ಷ ಸಿಗುತ್ತದೋ ಇಲ್ಲವೋ ಎಂದು ನೀವೇ ವಿಚಾರಿಸಿಕೊಳ್ಳಬೇಕು.

ಮೋಟರಿನ 10 ವರ್ಷದ ವಾರಂಟಿ ಬಗ್ಗೆ ನಿಮಗೆ ಬೇಸರವಾಗಿರುವುದು ಸಹಜ. ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸ್ಟಿಕ್ಕರ್ ಅದೇ. ಇನ್ವರ್ಟರ್ ಮೋಟರ್, ಅಂದರೆ ವೇಗವನ್ನು ಎಲೆಕ್ಟ್ರಾನಿಕ್ ಆಗಿ ಹೊಂದಿಸುವ ಮೋಟರ್, ನಿಜಕ್ಕೂ ಗಟ್ಟಿ. ಅದರಲ್ಲಿ ಸವೆಯುವ ಕಾರ್ಬನ್ ಬ್ರಷ್ ಇಲ್ಲ, ಸದ್ದೂ ಕಡಿಮೆ. ಅಪರೂಪಕ್ಕೆ ಕೆಡುವ ಭಾಗವಾದ್ದರಿಂದ ಅದಕ್ಕೆ ಅಷ್ಟು ಉದ್ದದ ವಾರಂಟಿ ಕೊಡುವುದು ಕಂಪನಿಗೆ ಕಷ್ಟವಲ್ಲ. ಕೆಡುವುದು ಬೇರಿಂಗ್, ಬಾಗಿಲಿನ ರಬ್ಬರ್, ಡ್ರೈನ್ ಪಂಪ್, ಹೀಟರ್, ಡೋರ್ ಲಾಕ್, ಎಲ್ಲಕ್ಕಿಂತ ದುಬಾರಿಯಾಗಿ ಪಿಸಿಬಿ ಬೋರ್ಡ್, ಅಂದರೆ ಮಷಿನ್ ನಡೆಸುವ ಎಲೆಕ್ಟ್ರಾನಿಕ್ ಹಲಗೆ. ಹಾಗಾಗಿ ಮೋಟರ್ ವಾರಂಟಿ ಬಿಡಿ, ಇಡೀ ಮಷಿನ್‌ಗೆ ಎಷ್ಟು ವರ್ಷ ಎಂದು ಕೇಳಿ. ಎರಡು ವರ್ಷವೋ, ನಾಲ್ಕು ವರ್ಷವೋ ಎನ್ನುವುದು ದೊಡ್ಡ ವ್ಯತ್ಯಾಸ. ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಬೋರ್ಡ್ ಮತ್ತು ಟಬ್ ಸೇರಿದ್ದು, ಅದರ ಬೆಲೆ ಒಂದು ಬೋರ್ಡಿನ ಬೆಲೆಗಿಂತ ಕಡಿಮೆ ಇದ್ದರೆ ತಗೊಳ್ಳಿ. ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗ ಸೇರಿಲ್ಲ ಎಂಬ ಸಾಲು ಇದೆಯೇ ಎಂದು ಮಾತ್ರ ಓದಿ ನೋಡಿ. ಹಾಗೇ, ಸ್ಟಾರ್ ಲೇಬಲ್ ಹೇಳುವುದು ಕರೆಂಟ್ ಮತ್ತು ನೀರಿನ ಲೆಕ್ಕ. ಅದಕ್ಕೂ ಬಾಳಿಕೆಗೂ ಸಂಬಂಧವಿಲ್ಲ.

ಈಗ ನೀರು. ನಿಮ್ಮ ಉತ್ತರದ ಅರ್ಧ ಭಾಗ ಇಲ್ಲೇ ಇದೆ.

ಕಾವೇರಿ ನೀರಿಗೆ ಹೋಲಿಸಿದರೆ ಬೆಂಗಳೂರಿನ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯವರಿಗೂ ಈ ಮಾತು ಒಪ್ಪುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಕುಡಿಯಲು ನಡೆಯುವ ಆ 600 ವಾಷಿಂಗ್ ಮಷಿನ್ ಹೀಟರಿಗೆ ನಡೆಯುವುದಿಲ್ಲ. ನೀರು ಬಿಸಿಯಾದಾಗ ಸುಣ್ಣದ ಅಂಶ ಹೀಟರ್ ಮೇಲೆ ಗಟ್ಟಿಯಾಗಿ ಕೂರುತ್ತದೆ. 60 ಡಿಗ್ರಿ ದಾಟಿದರೆ ಇನ್ನೂ ಬೇಗ. ಆಮೇಲೆ ಹೀಟರಿನ ಬಿಸಿ ನೀರಿಗೆ ದಾಟದೆ ಅದು ಸುಟ್ಟುಹೋಗುತ್ತದೆ. ಗಡಸು ನೀರಿನಲ್ಲಿ ಪುಡಿಯೂ ಜಾಸ್ತಿ ಬೇಕು. ಪುಡಿ ಜಾಸ್ತಿಯಾದರೆ ಗಸಿ, ಗಸಿಯಿಂದ ಟ್ರೈಪಾಡ್ ಸವೆತ. ಮೇಲೆ ಹೇಳಿದೆನಲ್ಲ, ಅದೇ ಸರಪಳಿ.

ಗಡಸುತನ ತಿಳಿಯಲು ಅದರದ್ದೇ ಟೆಸ್ಟ್ ಸ್ಟ್ರಿಪ್ ಅಥವಾ ಕಿಟ್ ಬೇಕು. ಆರ್‌ಒ ಸರ್ವಿಸಿನವರು ಟಿಡಿಎಸ್ ಮೀಟರ್ ಅದ್ದಿ ಒಂದು ಸಂಖ್ಯೆ ಹೇಳುತ್ತಾರಲ್ಲ, ಅದು ಗಡಸುತನ ಅಲ್ಲ. ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಅಂದಾಜು ಅದು. ನೀರಿನ ಗಡಸು ಇಳಿಸುವ ಸಾಫ್ಟನರ್ ಹಾಕಿದ ಮೇಲೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಏಕೆಂದರೆ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಅದನ್ನು ನೋಡಿ "ಸಾಫ್ಟನರ್ ಕೆಲಸ ಮಾಡ್ತಿಲ್ಲ" ಎಂದು ಜಗಳ ಮಾಡಿದವರಿದ್ದಾರೆ.

ನಿಮ್ಮದು ಸ್ವಂತ ಮನೆ. ಹಾಗಾಗಿ ಉಪ್ಪು ಹಾಕಿ ಮತ್ತೆ ಮತ್ತೆ ಚುರುಕು ಮಾಡುವ, ರೆಸಿನ್ (ಗಡಸು ಹೀರುವ ಸಣ್ಣ ಮಣಿಗಳು) ಇರುವ ಸಾಫ್ಟನರ್ ಹಾಕಿಸಿ. ಇಡೀ ಮನೆಗೆ ಆಗದಿದ್ದರೆ ಮಷಿನ್ ಲೈನಿಗೆ ಮಾತ್ರ ಹಾಕುವ ಚಿಕ್ಕದೂ ಸಿಗುತ್ತದೆ. ನಲ್ಲಿಗೆ ಸಿಕ್ಕಿಸುವ ಹರಳಿನ ಕಾರ್ಟ್ರಿಡ್ಜ್ ಕೂಡ ಇದೆ. ಅದು ನೀರನ್ನು ಮೆದು ಮಾಡುವುದಿಲ್ಲ, ಸುಣ್ಣ ಕೂರುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಹರಳು ಕರಗುತ್ತಿದ್ದ ಹಾಗೆ ತುಂಬಿಸುತ್ತಿರಬೇಕು. ಬಾಡಿಗೆ ಮನೆಯವರಿಗೆ ಅದು ಸಾಕು. ಪೈಪಿಗೆ ಕಟ್ಟುವ ಮ್ಯಾಗ್ನೆಟ್‌ಗೆ ದಯವಿಟ್ಟು ದುಡ್ಡು ಹಾಕಬೇಡಿ.

ಸಾಫ್ಟನರ್ ಹಾಕಿಸುತ್ತೀರಿ ಎಂದಾದರೆ ನಿಮಗೆ ನಾನು ಹೇಳುವುದು ಫ್ರಂಟ್ ಲೋಡ್, 8 ಕೆಜಿ, ಇನ್ವರ್ಟರ್ ಮೋಟರ್, ಸ್ಪಿನ್ 1200 ಅಥವಾ 1400 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು). ಬಟ್ಟೆ ಚೆನ್ನಾಗಿ ಒಗೆಯುತ್ತದೆ, ನೀರೂ ಟಾಪ್ ಲೋಡ್‌ಗಿಂತ ಬಹಳ ಕಡಿಮೆ ಸಾಕು. ಬೋರ್ ಬತ್ತುವ ಊರಲ್ಲಿ ಅದು ಸಣ್ಣ ಮಾತಲ್ಲ. ಸಾಫ್ಟನರ್ ಸಾಧ್ಯವೇ ಇಲ್ಲ, ಟ್ಯಾಂಕರ್ ನೀರು ಯಾವಾಗ ಹೇಗೆ ಬರುತ್ತದೋ ಗೊತ್ತಿಲ್ಲ ಅಂದರೆ ಹೀಟರ್ ಇಲ್ಲದ ಟಾಪ್ ಲೋಡ್ ಮೇಲು. ಸುಣ್ಣ ಕಟ್ಟುವ ಮುಖ್ಯ ಜಾಗವೇ ಅದರಲ್ಲಿ ಇರುವುದಿಲ್ಲ. ಒಳಗೇ ಹೀಟರ್ ಇರುವ ಟಾಪ್ ಲೋಡನ್ನು ಗಡಸು ನೀರಿಗೆ ತರಬೇಡಿ.

ಸೆಮಿ ಆಟೋಮ್ಯಾಟಿಕ್ ಅಂದರೆ ಈಗ ಬೆಂಗಳೂರಿನವರು ಕೇಳಿಸಿಕೊಳ್ಳುವುದೂ ಇಲ್ಲ. ನನಗೆ ಅದರ ಮೇಲೆ ಬಹಳ ಗೌರವ ಇದೆ. ಎರಡು ಮೋಟರ್, ಒಂದೆರಡು ಟೈಮರ್, ಒಂದು ಬೆಲ್ಟ್, ಕೆಪ್ಯಾಸಿಟರ್, ಸ್ಪಿನ್ ಸೀಲ್. ಸಾಮಾನ್ಯ ಮಾಡೆಲ್‌ಗಳಲ್ಲಿ ಸುಡಲು ಬೋರ್ಡ್ ಇಲ್ಲ. ಶಿರಾದಲ್ಲಾಗಲಿ ಶಿಕಾರಿಪುರದಲ್ಲಾಗಲಿ ಬಸ್ ಸ್ಟ್ಯಾಂಡ್ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯವರೇ ಸರಿಮಾಡಿ ಕೊಡುತ್ತಾರೆ. ನೀರಿನ ಒತ್ತಡ ಬೇಕಿಲ್ಲ, ಬಕೆಟ್ಟಿನಿಂದ ಸುರಿದರೂ ಆಯಿತು. ನಡುವೆ ಕರೆಂಟ್ ಹೋದರೂ ತಲೆನೋವಿಲ್ಲ. ಎರಡು ಸಲ ಬಟ್ಟೆ ಎತ್ತಿ ಹಾಕುವಷ್ಟು ಕೈಬಲ ಇರುವ ಮನೆಗೆ, ಹಳ್ಳಿಗೆ, ಇದಕ್ಕಿಂತ ಬಾಳುವ ಮಷಿನ್ ನಾನು ಕಂಡಿಲ್ಲ.

ಕಂಪನಿ ಯಾವುದು ಎಂದಿರಿ. ಎಲ್‌ಜಿ, ಸ್ಯಾಮ್‌ಸಂಗ್, ಐಎಫ್‌ಬಿ, ಬಾಷ್, ವರ್ಲ್‌ಪೂಲ್ ಎಲ್ಲವೂ ಹಲವು ದರ್ಜೆಯ ಮಷಿನ್ ಮಾಡುತ್ತವೆ. ಒಂದೇ ಕಂಪನಿಯ ಎರಡು ಮಾಡೆಲ್ ಒಳಗೆ ಪೂರ್ತಿ ಬೇರೆ ಇರಬಹುದು. ಜರ್ಮನಿಯ ಮೀಲೆ ತನ್ನ ಮಷಿನ್‌ಗಳನ್ನು 20 ವರ್ಷದ ಬಳಕೆಗೆ ಸಮನಾಗಿ ಪರೀಕ್ಷೆ ಮಾಡುವುದಾಗಿ ಹೇಳುತ್ತದೆ, ಅದರ ಬೆಲೆಯೂ ಹಾಗೇ ಇದೆ. ಅಷ್ಟು ದುಡ್ಡು ಕೊಟ್ಟರೂ ಹತ್ತಿರದಲ್ಲಿ ಸರ್ವಿಸ್ ಇಲ್ಲದಿದ್ದರೆ ಪ್ರಯೋಜನವಿಲ್ಲ. ಅದಕ್ಕೇ ಹೆಸರು ಹೇಳುವ ಬದಲು ಒಂದು ಕೆಲಸ ಹೇಳುತ್ತೇನೆ. ನಿಮಗೆ ಇಷ್ಟವಾದ ಎರಡು ಮೂರು ಮಾಡೆಲ್ ನಂಬರ್ ಬರೆದುಕೊಳ್ಳಿ. ಅಂಗಡಿಗೆ ಹೋಗುವ ಮೊದಲು ಆ ಕಂಪನಿಗಳ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಈ ಮಾಡೆಲ್‌ನ ಬೇರಿಂಗ್ ಮತ್ತು ಸೀಲ್ ಬೇರೆಯಾಗಿ ಸಿಗುತ್ತದೆಯೋ ಅಥವಾ ಟಬ್ ಪೂರ್ತಿ ತಗೊಳ್ಳಬೇಕೋ? ಬೋರ್ಡಿನ ಬೆಲೆ ಎಷ್ಟು? ಸ್ಟಾಕ್ ಬೆಂಗಳೂರಿನಲ್ಲೇ ಇದೆಯೇ, ತರಿಸಬೇಕೇ? ಈ ಮೂರು ಪ್ರಶ್ನೆಗೆ ನೇರ ಉತ್ತರ ಸಿಗುವ ಮಾಡೆಲ್ ಮುಂದಿಡಿ. ನಿಮ್ಮ ಬಡಾವಣೆಯ ಸ್ವತಂತ್ರ ಮೆಕ್ಯಾನಿಕ್ ಒಬ್ಬರನ್ನೂ ಕೇಳಿ. ಅವರಿಗೆ ಯಾವ ಕಂಪನಿಯ ಕಮಿಷನ್ನೂ ಇಲ್ಲ. ದಿನಾ ಬಿಚ್ಚುವವರಿಗೆ ಯಾವುದು ಸುಲಭ, ಯಾವುದರ ಸಾಮಾನು ಸಿಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿರುತ್ತದೆ. ಈ ತಿಂಗಳು ಬಿಡುಗಡೆಯಾದ ಹೊಸ ಮಾಡೆಲ್‌ಗಿಂತ ಎರಡು ಮೂರು ವರ್ಷದಿಂದ ಮಾರುತ್ತಿರುವ ಮಾಡೆಲ್ ಒಳ್ಳೆಯದು. ವೈಫೈ, ಎಐ ಎಂದೆಲ್ಲ ಸೇರಿಸಿದ್ದಕ್ಕೆ ಆಯಸ್ಸು ಹೆಚ್ಚುವುದಿಲ್ಲ. ಸುಮ್ನೆ ಅದಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ.

ಮಷಿನ್ ಮನೆಗೆ ಬಂದ ದಿನ ನೀವೇ ಪಕ್ಕದಲ್ಲಿ ನಿಲ್ಲಿ. ಸಾಗಿಸುವಾಗ ಡ್ರಮ್ ಅಲುಗದಂತೆ ಹಾಕಿರುವ ಹಿಂಬದಿಯ ಟ್ರಾನ್ಸಿಟ್ ಬೋಲ್ಟ್‌ಗಳನ್ನು ತೆಗೆದರೇ ನೋಡಿ. ಅದು ಹಾಗೇ ಉಳಿದರೆ ಮೊದಲ ಸ್ಪಿನ್‌ನಲ್ಲೇ ಮಷಿನ್ ಕುಣಿಯುತ್ತದೆ. ಅಂಗಡಿಯವರು ಚಕ್ರದ ಸ್ಟ್ಯಾಂಡ್ ಸೇರಿಸಿ ಮಾರಲು ನೋಡುತ್ತಾರೆ, ಬೇಡ ಅನ್ನಿ. ಗಟ್ಟಿ ನೆಲದ ಮೇಲೆ ನಾಲ್ಕೂ ಕಾಲು ಸಮವಾಗಿ ಕೂತು, ಲಾಕ್ ನಟ್ ಬಿಗಿಯಾಗಿರಬೇಕು. ಅಲುಗಾಡುವ ಸ್ಟ್ಯಾಂಡ್ ಮೇಲೆ ಬೇರಿಂಗಿಗೂ ಶಾಕ್ ಅಬ್ಸಾರ್ಬರಿಗೂ ದಿನಾ ಪೆಟ್ಟು. ಹೀಟರ್ ಸುಮಾರು 2000 ವಾಟ್ ಎಳೆಯುತ್ತದೆ. ಹಾಗಾಗಿ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ, ಗುಡುಗು ಮಿಂಚು ಇದ್ದರೆ ಪ್ಲಗ್ಗೇ ತೆಗೆಯಿರಿ. ಬೋರ್ಡ್ ಉಳಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಯುಟಿಲಿಟಿಯಲ್ಲಿ ಇಡುವುದಾದರೆ ಮಳೆಯ ಎರಚಲು ಬೀಳದಂತೆ ನೋಡಿಕೊಳ್ಳಿ. ಕೆಳಗಿನಿಂದ ಇಲಿ ನುಗ್ಗದಂತೆ ಜಾಲರಿ ಹಾಕಿಸಿ. ಇಲಿ ವೈರ್ ಕಡಿದರೆ ವಾರಂಟಿ ಸಿಗುವುದಿಲ್ಲ.

ನೀರಿನ ಒತ್ತಡವನ್ನೂ ನೋಡಿ. ಟ್ಯಾಂಕಿನ ನೀರು ಮಷಿನ್‌ಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒಂದು ಬಾರ್ ಒತ್ತಡ. ಮೇಲಿನ ಮಹಡಿಯಲ್ಲಿ ಮಷಿನ್ ಇಟ್ಟು, ತಲೆ ಮೇಲೆಯೇ ಟ್ಯಾಂಕ್ ಇದ್ದರೆ 0.3 ಬಾರ್ ಬಂದರೆ ಹೆಚ್ಚು. ಕೆಲವು ಮಾಡೆಲ್‌ಗೆ ಅಷ್ಟು ಸಾಕು, ಕೆಲವಕ್ಕೆ ಸಾಲದು. ಕೈಪಿಡಿಯಲ್ಲಿ ಕನಿಷ್ಠ ಒತ್ತಡ ಬರೆದಿರುತ್ತಾರೆ.

ಬಳಸುವ ರೀತಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ನಾಲ್ಕು ಮಾತು ಹೇಳಲೇಬೇಕು. ಫ್ರಂಟ್ ಲೋಡ್‌ಗೆ ಅದಕ್ಕೆಂದೇ ಇರುವ ಕಡಿಮೆ ನೊರೆಯ ಡಿಟರ್ಜೆಂಟ್ ಮಾತ್ರ ಹಾಕಿ. ಬಕೆಟ್ಟಿನಲ್ಲಿ ಕೈಯಿಂದ ಒಗೆಯುವ ಪುಡಿ ಹಾಕಬೇಡಿ. ಸಾಫ್ಟನರ್ ಬಂದ ಮೇಲೆ ಈಗ ಹಾಕುವುದರ ಅರ್ಧದಿಂದ ಶುರುಮಾಡಿ, ಬಟ್ಟೆ ಕೊಳೆ ಹೋಗುತ್ತಿದೆಯೇ ನೋಡಿಕೊಂಡು ಹೊಂದಿಸಿ. ಒಗೆದಾದ ಮೇಲೆ ಬಾಗಿಲು ಸ್ವಲ್ಪ ತೆರೆದಿಡಿ. ಎರಡು ಮೂರು ತಿಂಗಳಿಗೊಮ್ಮೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, ಬಟ್ಟೆ ಇಲ್ಲದೆ 60 ಡಿಗ್ರಿಯಲ್ಲಿ ಓಡಿಸಿ. ಒಂದು ಎಚ್ಚರಿಕೆ: ಅದರ ಜೊತೆ ಬ್ಲೀಚ್ ಸೇರಿಸಲೇಬೇಡಿ. ಆಸಿಡ್ ಮತ್ತು ಬ್ಲೀಚ್ ಸೇರಿದರೆ ವಿಷದ ಕ್ಲೋರಿನ್ ಗಾಳಿ ಬರುತ್ತದೆ.

ಸ್ಪಿನ್ ವೇಗವನ್ನೂ ದಿನಾ ತುದಿಗೆ ಏರಿಸಬೇಡಿ. ಡ್ರಮ್ ಮೇಲೆ ಬೀಳುವ ಬಲ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. 1000ದಲ್ಲಿ ಇರುವ ಬಲ 1400ರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಬಿಸಿಲಿರುವ ದಿನ 800 ಅಥವಾ 1000 ಧಾರಾಳ ಸಾಕು. 1400 ಇರಲಿ, ಮೋಡ ಕವಿದ ದಿನಕ್ಕೆ.

ಇನ್ನು ಉಡುಪಿ. ಅಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಗಲಿಯಲ್ಲಿ ಮೂರು ದಿನ ಹಾಕಿದರೂ ಬಟ್ಟೆ ಮುಗ್ಗಲು ವಾಸನೆ ಬಿಡುವುದಿಲ್ಲ ಅಲ್ವಾ? ವಯಸ್ಸಾದವರಿಗೆ ಡ್ರೈಯರ್ ಕೊಡಿಸುವ ನಿಮ್ಮ ಯೋಚನೆ ಒಳ್ಳೆಯದು. ಆದರೆ ಎರಡೂ ಒಂದರಲ್ಲೇ ಇರುವ ವಾಷರ್ ಡ್ರೈಯರ್ ಬೇಡ. 8 ಕೆಜಿ ಒಗೆಯುವ ಮಷಿನ್ ಒಣಗಿಸುವುದು 5 ಕೆಜಿ ಆಸುಪಾಸು. ಅಂದರೆ ಪ್ರತಿ ಸಲ ಒದ್ದೆ ಬಟ್ಟೆ ಸ್ವಲ್ಪ ಹೊರಗೆ ತೆಗೆಯಬೇಕು. ಬಟ್ಟೆಯ ನವಿರು ದೂಳು ಒಳಗಿನ ಗಾಳಿ ಹಾದಿಯಲ್ಲಿ ಕಟ್ಟಿಕೊಳ್ಳುತ್ತದೆ, ಬಿಚ್ಚಿ ತೆಗೆಯುವುದು ಕಷ್ಟ. ಆವಿಯನ್ನು ತಣಿಸಲು ಹಲವು ಮಾಡೆಲ್‌ಗಳು ನಲ್ಲಿ ನೀರನ್ನೇ ಸುರಿಯುತ್ತವೆ. ಒಂದು ಭಾಗ ಕೆಟ್ಟರೆ ಒಗೆಯುವುದೂ ನಿಲ್ಲುತ್ತದೆ, ಒಣಗಿಸುವುದೂ ನಿಲ್ಲುತ್ತದೆ.

ಒಣಗಿಸಲು ಪ್ರತ್ಯೇಕ ಡ್ರೈಯರ್ ಕೊಡಿಸಿ. ಅದರಲ್ಲಿ ಹೀಟ್ ಪಂಪ್ ಇರುವುದು ಕರೆಂಟ್ ಅರ್ಧದಷ್ಟೇ ತಿನ್ನುತ್ತದೆ, ಬಟ್ಟೆಗೂ ಮೃದು. ಆದರೆ ಅದರೊಳಗೆ ಫ್ರಿಜ್ಜಿನ ಹಾಗೆ ಕಂಪ್ರೆಸರ್, ಗ್ಯಾಸ್ ಇರುತ್ತದೆ. ಬೆಲೆ ಜಾಸ್ತಿ, ರಿಪೇರಿ ಬಲ್ಲವರು ಕಡಿಮೆ. ಹಸಿ ಗಾಳಿಯನ್ನು ಹೊರಗೆ ಬಿಡುವ ವೆಂಟೆಡ್ ಡ್ರೈಯರ್‌ನಲ್ಲಿ ಮುಖ್ಯವಾಗಿ ಹೀಟರ್, ಫ್ಯಾನ್, ಬೆಲ್ಟ್ ಅಷ್ಟೇ. ಲೆಕ್ಕ ಹಾಕಿ ನೋಡೋಣ. ಮಳೆಗಾಲದ ನಾಲ್ಕು ತಿಂಗಳಲ್ಲಿ 60 ಸಲ ಹಾಕುತ್ತಾರೆ, ಹೀಟ್ ಪಂಪಿನಿಂದ ಸಲಕ್ಕೆ 2 ಯೂನಿಟ್ ಉಳಿಯುತ್ತದೆ, ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಉಳಿಯುವುದು 840 ರೂಪಾಯಿ. ಅದಕ್ಕಾಗಿ ಹತ್ತಾರು ಸಾವಿರ ಹೆಚ್ಚು ಕೊಡುವುದು ಇಬ್ಬರೇ ಇರುವ ಮನೆಗೆ ಸರಿಹೋಗುವುದಿಲ್ಲ, ಅವರಿಗೆ ವೆಂಟೆಡ್ ಸಾಕು. ವರ್ಷವಿಡೀ ದಿನಾ ಬಳಸುವ ದೊಡ್ಡ ಸಂಸಾರವಾದರೆ, ವಿದೇಶದ ಚಳಿಯೂರುಗಳಲ್ಲಿ ಇರುವವರಾದರೆ, ಲೆಕ್ಕ ತಿರುಗುತ್ತದೆ. ಅಲ್ಲಿ ಹೀಟ್ ಪಂಪೇ ಸರಿ.

ವೆಂಟೆಡ್ ಡ್ರೈಯರ್‌ನ ಬಿಸಿ ಹಸಿ ಗಾಳಿ ಪೈಪ್ ಮೂಲಕ ಕಿಟಕಿಯಾಚೆ ಹೋಗಬೇಕು. ಮುಚ್ಚಿದ ಕೋಣೆಯಲ್ಲಿ ಬಿಟ್ಟರೆ ಗೋಡೆಗೆಲ್ಲ ಬೂಷ್ಟು ಹಿಡಿಯುತ್ತದೆ. ಅಪ್ಪ ಅಮ್ಮನ ವಾಷಿಂಗ್ ಮಷಿನ್‌ನ ಸ್ಪಿನ್ ಎಷ್ಟಿದೆ ಎಂದೂ ನೋಡಿ. 800ರಲ್ಲಿ ಹಿಂಡಿದ 6 ಕೆಜಿ ಹತ್ತಿ ಬಟ್ಟೆಯಲ್ಲಿ ಸುಮಾರು 4 ಲೀಟರ್ ನೀರು ಉಳಿಯುತ್ತದೆ, 1400ರಲ್ಲಿ ಹಿಂಡಿದರೆ ಸುಮಾರು 3. ಆ ಒಂದು ಲೀಟರನ್ನು ಆವಿ ಮಾಡಲು ಕಡಿಮೆಯೆಂದರೂ 0.6 ಯೂನಿಟ್ ಮೇಲೆ ಬೇಕು. ಹಿಂಡುವುದಕ್ಕೆ ಅದರ ಒಂದು ಸಣ್ಣ ಪಾಲು ಸಾಕು.

ಇನ್ನೊಂದು ಮಾತು, ನೀವು ಅವರಿಗೆ ಫೋನಿನಲ್ಲಿ ಹೇಳಬೇಕಾದ್ದು. ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣಿನ ಬಾವಿ ನೀರು ಸಾಮಾನ್ಯವಾಗಿ ಮೆದು. ಯಲಹಂಕದಲ್ಲಿ ನೀವು ಹಾಕುವಷ್ಟು ಪುಡಿ ಅಲ್ಲಿ ಹಾಕಿದರೆ ನೊರೆ ಉಕ್ಕುತ್ತದೆ, ಸೋಪು ಬಟ್ಟೆಯಲ್ಲೇ ಉಳಿಯುತ್ತದೆ. ಅವರಿಗೆ ಬಹಳ ಕಡಿಮೆ ಸಾಕು. ಡ್ರೈಯರಿನಲ್ಲಿ ಬಟ್ಟೆಯ ನವಿರು ದೂಳು ಹಿಡಿಯುವ ಲಿಂಟ್ ಫಿಲ್ಟರನ್ನು ಪ್ರತಿ ಸಲ ತೆಗೆದು ಒರೆಸಬೇಕು, ಅದು ಕಟ್ಟಿಕೊಂಡರೆ ಹೀಟರ್ ಅತಿಯಾಗಿ ಕಾಯುತ್ತದೆ. ಅಡುಗೆ ಎಣ್ಣೆ ಒರೆಸಿದ ಬಟ್ಟೆ, ಎಣ್ಣೆ ಸ್ನಾನದ ಟವೆಲ್ ಒಗೆದ ಮೇಲೂ ಜಿಡ್ಡಾಗಿದ್ದರೆ ಡ್ರೈಯರಿಗೆ ಹಾಕಲೇಬಾರದು. ಎಣ್ಣೆ ಉಳಿದ ಬಿಸಿ ಬಟ್ಟೆ ರಾಶಿಯಲ್ಲಿ ತಾನಾಗಿಯೇ ಇನ್ನಷ್ಟು ಕಾದು ಬೆಂಕಿ ಹತ್ತುವುದುಂಟು. ಅಂಥದ್ದನ್ನು ಒಲೆಯ ಮೇಲಿನ ಹಗ್ಗಕ್ಕೂ ಹಾಕದೆ, ಫ್ಯಾನಿನ ಕೆಳಗೆ ಹರಡಿ ಒಣಗಿಸಲು ಹೇಳಿ.